ಮೂವತ್ತೆರಡು ಜನ, ಒಂದು ಬಸ್ಸು, ಎಷ್ಟು ತೋಟ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಕೈತೋಟ, ತಾರಸಿ ತೋಟ ಮಾಡುವವರ ಗುಂಪೊಂದಿದೆ. ಒಟ್ಟು 32 ಜನ. ಹೆಚ್ಚಿನವರು ನಿವೃತ್ತರು, ಅರವತ್ತು ದಾಟಿದವರು. ಈ ವಸಂತದಲ್ಲಿ ಒಂದು ಬಸ್ ಮಾಡಿಕೊಂಡು ತೋಟಗಳನ್ನು ನೋಡಿ ಬರೋಣ ಅಂತ ಎಲ್ಲರಿಗೂ ಆಸೆ. ಯುಗಾದಿ ಕಳೆದ ಮೇಲಿನ ಶನಿವಾರ ಲಾಲ್‌ಬಾಗ್, ಕಬ್ಬನ್ ಪಾರ್ಕ್, ನಾಲ್ಕು ಮನೆ ತೋಟ, ಒಂದು ನರ್ಸರಿ. ಭಾನುವಾರ ಮೈಸೂರು, ಬೃಂದಾವನ. ಇಷ್ಟು ಆಗುತ್ತದೆಯೇ? ಕೆಲವರು ಊಟಿಗೇ ಹೋಗೋಣ ಅನ್ನುತ್ತಿದ್ದಾರೆ. ಮನೆ ತೋಟ ತೋರಿಸುವವರಿಗೆ ದುಡ್ಡು ಕೊಡಬೇಕೇ?
– ಗುಂಪಿನ ಸಂಚಾಲಕಿ, ಬೆಂಗಳೂರು

ಉತ್ತರ: ನಿಮ್ಮ ಪಟ್ಟಿ ನೋಡಿ ನಗು ಬಂತು. ನನ್ನದೇ ಹಳೆಯ ಪಟ್ಟಿ ನೆನಪಾಯಿತು, ಅದಕ್ಕೆ. ಮೊದಲ ಸಲ ಹೀಗೆ ಬಸ್ ಹೊರಡಿಸಿದಾಗ ನಾವು 41 ಜನ, ನೋಡಬೇಕಾದ ತೋಟ ಏಳು. ಏಳಕ್ಕೆ ಹೊರಡಬೇಕಿದ್ದ ಬಸ್ ಹೊರಟಿದ್ದು ಎಂಟಕ್ಕೆ. ಕೊನೆಯ ಮನೆ ಮುಟ್ಟಿದಾಗ ಸಂಜೆ ಏಳು. ಮನೆಯಾಕೆ ಮೂರು ಗಂಟೆಗೇ ಮಜ್ಜಿಗೆ ಮಾಡಿಟ್ಟುಕೊಂಡು ಕಾದಿದ್ದರು. ಟಾರ್ಚ್ ಬೆಳಕಿನಲ್ಲಿ ಅವರ ಗುಲಾಬಿ ನೋಡಿದೆವು. ಅವತ್ತು ಅವರು ಏನೂ ಅನ್ನಲಿಲ್ಲ. ಮರುವರ್ಷ ಕೇಳಿದಾಗ ಮಾತ್ರ, "ಈ ಸಲ ಬೇಡಿ ಸರ್" ಅಂದರು.

ಆದ್ದರಿಂದ ಸುತ್ತಿಬಳಸದೆ ಹೇಳಿಬಿಡುತ್ತೇನೆ. ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಶನಿವಾರಕ್ಕೆ ಲಾಲ್‌ಬಾಗ್, ಎರಡು ಮನೆ ತೋಟ, ಸಂಜೆ ನರ್ಸರಿ ಸಾಕು. ಮೈಸೂರನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ. ಕಬ್ಬನ್ ಪಾರ್ಕ್‌ಗೆ ಬಸ್ಸೇ ಬೇಡ. ಅದಕ್ಕೆ ಮೆಟ್ರೊ ನಿಲ್ದಾಣವೇ ಇದೆ. ಭಾನುವಾರ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಒಂದು ಭಾನುವಾರ ಬೆಳಗ್ಗೆ ಎಂಟಕ್ಕೆ ನಿಮ್ಮ ನಿಮ್ಮ ಮನೆಯಿಂದಲೇ ಬಂದು ಸೇರಿದರೆ ಹತ್ತೂವರೆಗೆ ತಿಂಡಿ ಮುಗಿಸಿ ಮನೆ ಸೇರಬಹುದು.

ಮೊದಲು ತಾರೀಕಿನ ವಿಷಯ. "ವಸಂತ" ಅಂದ ತಕ್ಷಣ ನಮಗೆ ಯುಗಾದಿ ನೆನಪಾಗುತ್ತದೆ. ಆದರೆ ಮರಗಳು ಪಂಚಾಂಗ ನೋಡುವುದಿಲ್ಲ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಅಷ್ಟು ಹೊತ್ತಿಗೆ ಬೆಂಗಳೂರಿನ ವಸಂತ ಅರ್ಧ ಮುಗಿದಿರುತ್ತದೆ. ಹಳದಿ ಟಬೂಬಿಯಾ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಲ್ಲುವುದು ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ. ಒಂದೊಂದು ಮರದ ಭರ್ತಿ ಹೂವಿನ ಆಟ ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಒಂದು ಜೋರು ಮಳೆ ಬಂದರೆ ಅದೂ ಇಲ್ಲ. ಜಕರಂಡಾ ಅದರ ಬೆನ್ನಿಗೇ ಬರುತ್ತದೆ. ಊರಾಚೆ ಮುತ್ತುಗ ಕೆಂಪಾಗುವುದೂ ಆಗಲೇ. ಗುಲ್‌ಮೊಹರ್, ಕಕ್ಕೆ ಹೂಗಳಿಗೆ ಮಾತ್ರ ಏಪ್ರಿಲ್, ಮೇ ತನಕ ಕಾಯಬೇಕು.

ಒಂದು ಮುಗಿದರೆ ಇನ್ನೊಂದು ಶುರುವಾಗುವ ಈ ಸರದಿ ತನ್ನಷ್ಟಕ್ಕೆ ಆದದ್ದಲ್ಲ. ಜರ್ಮನಿಯ ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡಾ ಮಹಾರಾಜರ ಬಳಿ ಕೆಲಸ ಮಾಡಿ, 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಊರಿನಲ್ಲಿ ವರ್ಷವಿಡೀ ಎಲ್ಲಾದರೂ ಒಂದು ಸಾಲು ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ಮರ ಆರಿಸಿದವರು ಅವರು. ಮುಂದೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಬಸ್ಸಿನ ಕಿಟಕಿಯಿಂದ ಕಾಣುವ ಮರಗಳೂ ನಿಮ್ಮ ಪ್ರವಾಸದ ಭಾಗವೇ. ಹಿಂದಿನ ಸೀಟಿನವರು ಅಂತ್ಯಾಕ್ಷರಿ ಶುರು ಮಾಡುವ ಮುಂಚೆ ಇದನ್ನು ಹೇಳಿಬಿಡಿ.

ತಾರೀಕು ಹಿಂದಕ್ಕೆ ತನ್ನಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದು ಮನೆ ತೋಟದ್ದು. ಪೆಟೂನಿಯಾ, ಪ್ಯಾನ್ಸಿ, ಡೇಲಿಯಾ ಇವೆಲ್ಲ ನಮ್ಮಲ್ಲಿ ಚಳಿಗಾಲದ ಹೂಗಳು. ಜನವರಿ, ಫೆಬ್ರವರಿಯಲ್ಲಿ ಮೆರೆದು ಮಾರ್ಚ್ ನಡುವೆ ಸುಸ್ತಾಗುತ್ತವೆ. ಏಪ್ರಿಲ್ ಬೆಂಗಳೂರಿನ ಅತಿ ಬಿಸಿಯ ತಿಂಗಳು. ಹನ್ನೊಂದು ಗಂಟೆಗೆ ತಾರಸಿ ಕಾವಲಿಯಾಗಿರುತ್ತದೆ. ಅರವತ್ತು ದಾಟಿದವರನ್ನು ಅಲ್ಲಿ ನಿಲ್ಲಿಸಿ ಬದನೆ ಗಿಡ ತೋರಿಸುವುದು ನ್ಯಾಯವಲ್ಲ, ಅಲ್ವಾ? ಫೆಬ್ರವರಿ ಕೊನೆಯ ಶನಿವಾರದಿಂದ ಮಾರ್ಚ್ ಎರಡನೆಯ ಶನಿವಾರದ ಒಳಗೆ ಒಂದು ದಿನ ಹಿಡಿಯಿರಿ. ಗುಂಪಿನಲ್ಲಿ ಯಾರಾದರೂ "ಯುಗಾದಿ ಆಗಲಿ" ಅಂತ ಹಟ ಹಿಡಿದರೆ ಹೋಗಬಾರದು ಅಂತೇನಿಲ್ಲ. ಹೊಂಗೆ ಮರದ ಹೊಸ ಎಲೆ, ಬೇವಿನ ಹೂ ಆಗ ಸಿಗುತ್ತದೆ. ಟಬೂಬಿಯಾದ ಫೋಟೊ ಮಾತ್ರ ಕೇಳಬೇಡಿ.

ಇನ್ನು ಬಸ್ಸು. 32 ಜನ ಅಂದರೆ 49 ಸೀಟಿನ ದೊಡ್ಡ ಬಸ್ ಮಾಡಲು ಮನಸ್ಸಾಗುತ್ತದೆ. ಹಾಡು, ತಿಂಡಿ, ಎಲ್ಲರೂ ಒಟ್ಟಿಗೆ. ನನ್ನ ಮಾತು ಕೇಳಿ, 21 ಸೀಟಿನ ಎರಡು ಮಿನಿ ಬಸ್ ಮಾಡಿ. ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಒಳ್ಳೆಯ ಮನೆ ತೋಟಗಳು ಇರುವುದು ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ. ಅಲ್ಲಿ ಎರಡೂ ಕಡೆ ಕಾರು ನಿಂತಿರುತ್ತವೆ, ಮೇಲೆ ಮರದ ಕೊಂಬೆ ಬಾಗಿರುತ್ತದೆ. ದೊಡ್ಡ ಬಸ್ ಒಳಗೆ ಹೋದರೆ ತಿರುಗಿಸಲಾಗದೆ ಹಿಂದೆ ಹಿಂದೆಯೇ ಬರಬೇಕು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮುಖ್ಯ ರಸ್ತೆಯಲ್ಲೇ ನಿಲ್ಲಿಸಿದರೆ ಮಂಡಿ ನೋವಿನವರು ಅರ್ಧ ಕಿಲೋಮೀಟರ್ ನಡೆಯಬೇಕು. ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ ಅಂತ ಕೇಳಿ. ಊರೊಳಗೆ ನೀವು ಮೂವತ್ತು ಕಿಲೋಮೀಟರ್ ಓಡಿದರೂ ಆ ಕನಿಷ್ಠದ ದುಡ್ಡು ಕೊಡಲೇಬೇಕು. ಚಾಲಕರ ಬಾಟಾ, ಪಾರ್ಕಿಂಗ್, ಟೋಲ್ ಯಾರದು ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ.

ಎರಡು ಬಸ್ ಅಂದರೆ ತಾನಾಗಿಯೇ 16ರ ಎರಡು ಗುಂಪು ಆಗುತ್ತದೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಬೆಳಗ್ಗೆ ಆರೂವರೆಗೆ ಲಾಲ್‌ಬಾಗ್ ಒಳಗಿರಿ. ಬಸ್ಸಿಗೆ ಡಬಲ್ ರೋಡ್ ಕಡೆಯ ಗೇಟು ಅನುಕೂಲ. ಒಂದು ವಿಷಯ ಗುಂಪಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮುಖ ಸಣ್ಣದಾಗುತ್ತದೆ. ಫಲಪುಷ್ಪ ಪ್ರದರ್ಶನ ನಡೆಯುವುದು ಜನವರಿಯ ಗಣರಾಜ್ಯೋತ್ಸವಕ್ಕೆ, ಆಗಸ್ಟ್‌ನ ಸ್ವಾತಂತ್ರ್ಯ ದಿನಕ್ಕೆ. ಮಾರ್ಚ್‌ನಲ್ಲಿ ಗಾಜಿನ ಮನೆ ಖಾಲಿ. ನನಗೆ ಖಾಲಿಯೇ ಇಷ್ಟ. 1889ರಲ್ಲಿ ಕಟ್ಟಲು ಶುರು ಮಾಡಿದ ಆ ಕಬ್ಬಿಣದ ಕಮಾನುಗಳು ಹೂವಿನ ಗೋಪುರ, ಸೆಲ್ಫಿ ನೂಕುನುಗ್ಗಲಿನ ಮಧ್ಯೆ ಕಾಣುವುದೇ ಇಲ್ಲ.

240 ಎಕರೆಯನ್ನು ಎರಡು ಗಂಟೆಯಲ್ಲಿ ನೋಡಲು ಆಗುವುದಿಲ್ಲ, ಪ್ರಯತ್ನವೂ ಬೇಡ. ಮೊದಲು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಮೇಲಿನ ಕೆಂಪೇಗೌಡರ ಗೋಪುರಕ್ಕಿಂತ, 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟಕ್ಕಿಂತ ಎಷ್ಟೋ ಹಿರಿಯ. ಹತ್ತಲಾಗದವರು ಬ್ಯಾಟರಿ ಗಾಡಿಯಲ್ಲಿ ಕೆರೆಯ ಕಡೆ ಹೋಗಲಿ. ಆಮೇಲೆ ಎಲ್ಲರೂ ಆ ದೊಡ್ಡ ಬೂರುಗದ ಮರದ ಹತ್ತಿರ ಸೇರಿ. ಅದರ ಬೇರು ನೆಲದ ಮೇಲೆ ಗೋಡೆ ಎದ್ದ ಹಾಗೆ ಎದ್ದಿದೆ. ಪಕ್ಕದಲ್ಲಿ ನಿಂತರೆ ಎಂಥ ಎತ್ತರದ ಮನುಷ್ಯನೂ ಮಗುವಿನ ಹಾಗೆ ಕಾಣುತ್ತಾನೆ. ಆ ಮರದ ಕೆಳಗೆ ಹತ್ತು ನಿಮಿಷ ಕೂತು ಫ್ಲಾಸ್ಕಿನ ಕಾಫಿ ಕುಡಿಯಿರಿ. ಪ್ಲಾಸ್ಟಿಕ್ ಲೋಟ ಬೇಡ, ಒಳಗೆ ಅದಕ್ಕೆ ನಿಷೇಧ. ಸ್ಟೀಲ್ ಲೋಟ ಒಬ್ಬೊಬ್ಬರು ಒಂದೊಂದು ತಂದರೆ ಮುಗಿಯಿತು.

ಒಂದು ಎಚ್ಚರಿಕೆ. ಹೂವಿನ ಕಾಲದಲ್ಲಿ ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅವತ್ತು ಘಾಟು ಸೆಂಟು ಯಾರೂ ಹಾಕಿಕೊಳ್ಳಬೇಡಿ. ಗೂಡಿನ ಕೆಳಗೆ ನಿಂತು ಗ್ರೂಪ್ ಫೋಟೊಗೆ "ಹೋ" ಅಂತ ಕೂಗುವುದೂ ಬೇಡ. ಹುಳು ಎದ್ದರೆ ಕೈ ಬೀಸದೆ ಸೆರಗಿನಿಂದಲೋ ಟವೆಲ್ಲಿನಿಂದಲೋ ಮುಖ ಮುಚ್ಚಿಕೊಂಡು ದೂರ ಹೊರಟುಬಿಡಬೇಕು.

ತಿಂಡಿಗೆ ಹತ್ತಿರದ ಹೆಸರಾಂತ ಹೋಟೆಲ್ ಬೇಕು ಅನ್ನುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಶನಿವಾರ ಬೆಳಗ್ಗೆ 32 ಜನ ಒಂದೇ ಸಲ ಹೋದರೆ ಸಾಲಿನಲ್ಲೇ ಒಂದು ಗಂಟೆ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬನ್ನಿ, ಬಸ್ಸಿನಲ್ಲೇ ತಿಂದು ಮುಗಿಸಿ.

ಈಗ ಮನೆ ತೋಟ. ನಿಮ್ಮ ಪ್ರವಾಸದ ಜೀವ ಇರುವುದು ಇಲ್ಲಿ. ಲಾಲ್‌ಬಾಗ್ ನೀವು ಯಾವತ್ತು ಬೇಕಾದರೂ ನೋಡಬಹುದು. ಇನ್ನೊಬ್ಬರ ಹಿತ್ತಿಲು ಕರೆದಾಗ ಮಾತ್ರ ಸಿಗುತ್ತದೆ.

ಬಸವನಗುಡಿಯ ಒಂದು ಮನೆಗೆ ನಾನು ಮೂರು ಸಲ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಅರವತ್ತು ನಲವತ್ತರ ಹಳೆಯ ಸೈಟು. ಮುಂದೆ ಸಂಪಿಗೆ, ಹಿಂದೆ ಬಾವಿ. ಮಧ್ಯೆ ಇರುವುದೆಲ್ಲ ಕುಂಡ, ಒಡೆದ ಬಕೆಟ್ಟು, ತೂತಾದ ಹಂಡೆ. ಸ್ಫಟಿಕ, ಕನಕಾಂಬರ, ಮರುಗ, ದೊಡ್ಡಪತ್ರೆ. ಒಂದು ಮೂಲೆಯಲ್ಲಿ ದವನ. ಚೈತ್ರದ ಹುಣ್ಣಿಮೆಗೆ ದೇವರಿಗೆ ದವನ ಏರಿಸುತ್ತಾರಲ್ಲ, ಅದಕ್ಕೆ ಅಂತಲೇ ಪ್ರತಿ ಚಳಿಗಾಲ ಬಿತ್ತುತ್ತಾರೆ. ಕರಗ ಮುಗಿದ ಮೇಲೆ ಮಡಿಯನ್ನು ಅಗೆದು ಹಾಕಿಬಿಡುತ್ತಾರೆ. ಮನೆಯಾಕೆಗೆ ಎಪ್ಪತ್ತು ದಾಟಿದೆ. ಮೊದಲ ಸಲ ಹೋದಾಗ ನಾವು ಇಪ್ಪತ್ತು ಚಿಲ್ಲರೆ ಜನ ಒಟ್ಟಿಗೆ ನುಗ್ಗಿದೆವು. ಅವರು ಬಗ್ಗಿ ಒಂದು ಮಣ್ಣಿನ ಕುಂಡಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿದರು. "ಟಣ್ ಅಂದರೆ ನೀರು ಕೇಳ್ತಾ ಇದೆ, ದಬ್ ಅಂದರೆ ಇನ್ನೂ ಬೇಡ" ಅಂದರು. ಪಕ್ಕದ ಕುಂಡ ಕುಟ್ಟಿದರು, ದಬ್ ಅಂತು. ಪ್ಲಾಸ್ಟಿಕ್ ಕುಂಡಕ್ಕೆ ಈ ಲೆಕ್ಕ ನಡೆಯೋಲ್ಲ, ಅದನ್ನು ಅಂಚು ಹಿಡಿದು ಸ್ವಲ್ಪ ಎತ್ತಿ ತೂಕ ನೋಡಬೇಕು ಅಂತಲೂ ತೋರಿಸಿದರು. ಇದನ್ನು ಕೇಳಿಸಿಕೊಂಡವರು ಮುಂದೆ ನಿಂತ ಆರೇಳು ಜನ ಮಾತ್ರ. ಹಿಂದಿನವರು ಬಾವಿಕಟ್ಟೆ ಹತ್ತಿರ ಮಗಳ ಮದುವೆ ಮಾತಾಡುತ್ತಿದ್ದರು. ಅವರದೂ ತಪ್ಪಲ್ಲ. ಅಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.

ಎರಡನೆಯ ಸಲ ಎಂಟೆಂಟು ಜನರ ಗುಂಪು ಮಾಡಿ ಕಳಿಸಿದೆ. ಆಗ ಎಲ್ಲರೂ ಕುಂಡ ಕುಟ್ಟಿ ನೋಡಿದರು. ಬರೀ ನೋಡಿ ಬಂದದ್ದಕ್ಕೂ ಒಂದು ವಿದ್ಯೆ ಕಲಿತು ಬಂದದ್ದಕ್ಕೂ ನಾನು ಕಂಡ ವ್ಯತ್ಯಾಸ ಇಷ್ಟೇ.

ಆದ್ದರಿಂದ ಲೆಕ್ಕ ಹೀಗಿರಲಿ. ಹತ್ತಿರ ಹತ್ತಿರದ ಎರಡು ಮನೆ ಆರಿಸಿಕೊಳ್ಳಿ. ಲಾಲ್‌ಬಾಗ್‌ನಿಂದ ಬಸವನಗುಡಿ, ಜಯನಗರ ಎರಡೂ ದೂರವಿಲ್ಲ. ಒಂಬತ್ತೂವರೆಗೆ ಒಂದು ಬಸ್ಸಿನ 16 ಜನ ಒಂದು ಮನೆಗೆ, ಇನ್ನೊಂದು ಬಸ್ಸಿನವರು ಇನ್ನೊಂದು ಮನೆಗೆ. ಅಲ್ಲೂ ಎಂಟು ಜನ ಕೆಳಗೆ, ಎಂಟು ಜನ ತಾರಸಿಗೆ. ಅರ್ಧ ಗಂಟೆಗೆ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ. ಒಂದು ಗಂಟೆಯಾದ ಮೇಲೆ ಬಸ್‌ಗಳು ಮನೆ ಬದಲಾಯಿಸಲಿ. ಹನ್ನೆರಡರೊಳಗೆ ಎರಡೂ ಮುಗಿಯುತ್ತವೆ, ಬಿಸಿಲು ಏರುವ ಹೊತ್ತಿಗೆ ನೀವು ಊಟಕ್ಕೆ ಕೂತಿರುತ್ತೀರಿ. ನಾಲ್ಕು ಮನೆ ಅಂದಿದ್ದಿರಲ್ಲ, ಇನ್ನೆರಡನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ತಾರಸಿಗೆ ಎಂಟೇ ಜನ ಅಂದಿದ್ದು ಸುಮ್ನೆ ಅಲ್ಲ. 32 ಜನ ಅಂದರೆ ಎರಡು ಟನ್ ಭಾರ. ಈಗಾಗಲೇ ಅಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್‌ಗಳು ಸಾಲಾಗಿ ಕೂತಿರುತ್ತವೆ. ಒದ್ದೆ ಮಣ್ಣು ತುಂಬಿದ ಅಂಥ ಒಂದೊಂದು ಡ್ರಮ್ಮು ಒಬ್ಬ ದಪ್ಪ ಆಳಿಗಿಂತ ಭಾರ. ಹೊಸ ಕಾಂಕ್ರೀಟ್ ಮನೆ ತಡೆದೀತು. ತೊಲೆಯ ಮೇಲೆ ಇಟ್ಟಿಗೆ ಕೂರಿಸಿ ಸುಣ್ಣದ ಗಾರೆ ಹಾಕಿದ ಹಳೆಯ ಮದ್ರಾಸ್ ತಾರಸಿಯಾದರೆ ಮನೆಯವರನ್ನು ಕೇಳದೆ ಒಬ್ಬರೂ ಹತ್ತಬೇಡಿ. ಹತ್ತುವ ಮೆಟ್ಟಿಲು ಕಬ್ಬಿಣದ ಸುರುಳಿ ಮೆಟ್ಟಿಲೇ, ಹಿಡಿಕೆ ಗಟ್ಟಿಯಿದೆಯೇ, ಮೇಲಿನ ಅಡ್ಡಗೋಡೆ ಸೊಂಟದ ಎತ್ತರ ಇದೆಯೇ? ಇವನ್ನು ನೀವು ಹದಿನೈದು ದಿನ ಮೊದಲೇ ಹೋಗಿ ಕಣ್ಣಾರೆ ನೋಡಿ ಬರಬೇಕು. ಫೋನಿನಲ್ಲಿ ಕೇಳಿದರೆ ಎಲ್ಲರೂ "ಏನೂ ತೊಂದರೆ ಇಲ್ಲ ಬನ್ನಿ" ಅನ್ನುತ್ತಾರೆ.

ಶೌಚಾಲಯದ ಮಾತು ಯಾರೂ ಎತ್ತುವುದಿಲ್ಲ, ನಾನೇ ಎತ್ತುತ್ತೇನೆ. ಒಬ್ಬರಿಗೆ ಮೂರು ನಿಮಿಷ ಅಂದರೂ 32 ಜನಕ್ಕೆ ಒಂದೂವರೆ ಗಂಟೆ ಮೀರುತ್ತದೆ. ಅದೂ ಒಬ್ಬರ ಮನೆಯ ಒಂದೇ ಬಚ್ಚಲಿನಲ್ಲಿ. ಲಾಲ್‌ಬಾಗ್ ಬಿಡುವ ಮುಂಚೆ ಅರ್ಧ ಗಂಟೆ ಇದಕ್ಕೇ ಇಡಿ. ಮಧ್ಯಾಹ್ನದ ಊಟಕ್ಕೆ ಚಿಕ್ಕ ಕಲ್ಯಾಣ ಮಂಟಪವೋ ದೊಡ್ಡ ಹೋಟೆಲ್ಲಿನ ಪಾರ್ಟಿ ಹಾಲೋ ಗೊತ್ತು ಮಾಡಿ. ಊಟಕ್ಕಿಂತ ಅಲ್ಲಿ ಸಾಕಷ್ಟು ಶೌಚಾಲಯ ಇರುವುದು, ಅರ್ಧ ಗಂಟೆ ಕಾಲು ಚಾಚಿ ಕೂರಲು ಜಾಗ ಇರುವುದು ಮುಖ್ಯ.

ಇಂಥ ಮನೆಗಳನ್ನು ಹುಡುಕುವುದು ಹೇಗೆ? ಮೈಸೂರು ಉದ್ಯಾನ ಕಲಾ ಸಂಘ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಜೊತೆ ಮನೆ ತೋಟಗಳಿಗೂ ಸ್ಪರ್ಧೆ ನಡೆಸುತ್ತದೆ. ಅಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. ನನ್ನ ರುಚಿ ಹೇಳುವುದಾದರೆ, ಬಹುಮಾನ ಬಂದ ತೋಟ ಒಂದು ಇರಲಿ, ಬಹುಮಾನಕ್ಕೆ ಅರ್ಜಿಯೇ ಹಾಕದವರ ತೋಟ ಒಂದು ಇರಲಿ. ಮೊದಲನೆಯದರಲ್ಲಿ ಹುಲ್ಲುಹಾಸು ಕತ್ತರಿಸಿದ ಹಾಗಿರುತ್ತದೆ, ಕೆಲಸ ಮಾಲಿಯದು. ಎರಡನೆಯದರಲ್ಲಿ ಉಗುರಿನಲ್ಲಿ ಮಣ್ಣಿರುವವರು ಸಿಗುತ್ತಾರೆ. ನಿಮ್ಮ ಗುಂಪಿನವರ ಪ್ರಶ್ನೆಗಳಿಗೆ ಉತ್ತರ ಇರುವುದು ಅವರ ಹತ್ತಿರ.

ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು, ನೆನಪಿದೆಯಲ್ಲ? ಆ ಬೇಸಿಗೆಯಲ್ಲಿ ಯಾವ ಗಿಡ ಉಳಿಯಿತು, ಯಾವುದು ಹೋಯಿತು ಅಂತ ಕೇಳಿ. ಅಕ್ಕಿ ತೊಳೆದ ನೀರು, ಕುಂಡದ ಮೇಲೆ ಒಣ ಎಲೆಯ ಹೊದಿಕೆ, ಮಳೆ ನೀರಿನ ಸಂಪು, ಒಬ್ಬೊಬ್ಬರದು ಒಂದೊಂದು ದಾರಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನೇ ದಿನಾ ಹಾಕುತ್ತೇವೆ ಅಂದರೆ ಮಾತ್ರ ಕುಂಡದ ಅಂಚನ್ನು ಗಮನಿಸಿ. ಆ ನೀರಿನಲ್ಲಿ ಲವಣ ಜಾಸ್ತಿ. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೂ ಜಾಸ್ತಿ. ಅಂಚಿಗೆ ಬಿಳಿ ಪುಡಿ ಕಟ್ಟಿದ್ದು, ಎಲೆ ತುದಿ ಸುಟ್ಟಿದ್ದು ಕಂಡರೆ ಕಾರಣ ಅದೇ ಇರಬಹುದು.

ಕಡ್ಡಿ ಕೀಳುವವರ ವಿಷಯ. "ಕದ್ದ ಗಿಡ ಚೆನ್ನಾಗಿ ಹತ್ತುತ್ತೆ" ಅಂತ ನಮ್ಮಲ್ಲಿ ಒಂದು ಮಾತಿದೆ. ಎಷ್ಟು ಓದಿದವರೂ ಇದನ್ನು ನಂಬುತ್ತಾರೆ. ಒಂದು ಮನೆಯಲ್ಲಿ ನಾವು ಹೊರಟ ಮೇಲೆ ಅವರ ಅಪರೂಪದ ಹೋಯಾ ಬಳ್ಳಿಯ ಕುಡಿಯೇ ಇರಲಿಲ್ಲ. ಮೂರು ವರ್ಷ ಕಾದು ಮೊಗ್ಗು ಬಂದಿದ್ದ ಕುಡಿ. ಯಾರು ಅಂತ ನನಗೆ ಗೊತ್ತಿತ್ತು. ಕೈಚೀಲದಿಂದ ತುದಿ ಇಣುಕುತ್ತಿತ್ತು. ಬಸ್ಸಿನಲ್ಲಿ ಹೇಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿದ್ದೇನೆ. ಇಳಿಯುವ ಮುಂಚೆ ಎಲ್ಲರ ಕೈಚೀಲ ಬಸ್ಸಿನಲ್ಲೇ. ಕೈಯಲ್ಲಿ ಪುಸ್ತಕ, ಪೆನ್ನು, ಫೋನು ಸಾಕು. ಕಡ್ಡಿ ಬೇಕಾದವರ ಪಟ್ಟಿಯನ್ನು ಕೊನೆಯಲ್ಲಿ ಒಬ್ಬರೇ ಮನೆಯವರಿಗೆ ಕೊಡಲಿ. ಅವರಾಗಿಯೇ ಕತ್ತರಿ ತಂದು ಕತ್ತರಿಸಿ ಕೊಟ್ಟರೆ ತೆಗೆದುಕೊಳ್ಳಿ. ಹೆಚ್ಚಿನವರು ಕೇಳಿದ್ದಕ್ಕಿಂತ ಜಾಸ್ತಿಯೇ ಕೊಡುತ್ತಾರೆ.

ದುಡ್ಡಿನ ಪ್ರಶ್ನೆ. ಇಂಗ್ಲೆಂಡಿನಲ್ಲಿ 1927ರಿಂದ ಒಂದು ಪದ್ಧತಿ ಇದೆ. ಮನೆಯವರು ವರ್ಷದಲ್ಲಿ ಒಂದೆರಡು ದಿನ ತೋಟದ ಬಾಗಿಲು ತೆರೆಯುತ್ತಾರೆ, ಬಂದವರು ಟಿಕೆಟ್ ಕೊಳ್ಳುತ್ತಾರೆ. ಆ ಹಣ ದಾದಿಯರ ಸೇವಾ ಸಂಸ್ಥೆಗಳಿಗೆ ಹೋಗುತ್ತದೆ. ಮೊದಲ ವರ್ಷವೇ 609 ತೋಟ ತೆರೆದವು, ತಲೆಗೆ ಒಂದು ಶಿಲಿಂಗ್. ಅಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮವರು ಇದನ್ನು ನೋಡಿ ಬಂದು ನಮ್ಮಲ್ಲೂ ಟಿಕೆಟ್ ಇಡೋಣ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದು ಹೊಂದುವುದಿಲ್ಲ. ಮನೆಗೆ ಬಂದವರಿಂದ ಕಾಸು ತೆಗೆದುಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ, ಕವರ್ ಕೊಟ್ಟರೆ ಮುಜುಗರ. ಎಲೆ ಅಡಿಕೆ, ಹಣ್ಣು, ಜೊತೆಗೆ ಒಂದು ಮೂಟೆ ಎರೆಗೊಬ್ಬರ ಕೊಡಿ. ಗೊಬ್ಬರದ ಮೂಟೆ ನೋಡಿದ ತೋಟದವರ ಮುಖ ರೇಷ್ಮೆ ಸೀರೆಗೂ ಅಷ್ಟು ಅರಳುವುದಿಲ್ಲ. ನಿಮ್ಮ ಗುಂಪಿನವರು ಮನೆಯಲ್ಲಿ ಉಳಿಸಿದ ಬೀಜಗಳನ್ನು ಹೆಸರು ಬರೆದ ಕವರಿನಲ್ಲಿ ಹಾಕಿ ಕೊಟ್ಟರೆ ಇನ್ನೂ ಚೆಂದ. ಮಾಲಿ ಇದ್ದರೆ ಅವರ ಕೈಗೆ ಮಾತ್ರ ದುಡ್ಡು ಕೊಡಿ. ಮಜ್ಜಿಗೆ, ಪಾನಕ ನೀವೇ ಒಯ್ಯಿರಿ. 32 ಲೋಟ ತೊಳೆಯುವ ಕೆಲಸ ಆ ಮನೆಗೆ ಹಚ್ಚಬೇಡಿ.

ಮೈಸೂರು, ಊಟಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಸುಮಾರು 145 ಕಿ.ಮೀ. ಬೃಂದಾವನ ಅಲ್ಲಿಂದ ಇನ್ನೂ ಇಪ್ಪತ್ತು. ಬೃಂದಾವನ ಕಾರಂಜಿ, ದೀಪದ ತೋಟ. ಗಿಡ ನೋಡುವವರಿಗೆ ಅಲ್ಲಿ ಹೊಸದೇನೂ ಸಿಗುವುದಿಲ್ಲ. ಮೊಮ್ಮಕ್ಕಳು ಜೊತೆಗಿದ್ದರೆ ಮಾತು ಬೇರೆ. ಹೋಗುವುದಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್, ಮೈಸೂರಿನ ಕಾರಂಜಿ ಕೆರೆ, ಒಂದು ಮನೆ ತೋಟ, ಇಷ್ಟು ಸಾಕು. ಕಾರಂಜಿ ಕೆರೆಗೆ ಮಂಗಳವಾರ ರಜೆ.

ಊಟಿ ಮಾರ್ಚ್‌ನಲ್ಲಿ ಬೇಡ. ಅಲ್ಲಿಯ ಫಲಪುಷ್ಪ ಪ್ರದರ್ಶನ ಮೇ ತಿಂಗಳಲ್ಲಿ. ಮಾರ್ಚ್‌ನಲ್ಲಿ ಹೋದರೆ ಸಸ್ಯೋದ್ಯಾನದಲ್ಲಿ ಹೂವಿಗಿಂತ ಸಸಿ ತಟ್ಟೆ ಜಾಸ್ತಿ. ಮೇನಲ್ಲಿ ಹೋಗುವುದಾದರೆ ಬಸ್ಸಿಗೆ ಮೊದಲೇ ಇ-ಪಾಸ್ ಮಾಡಿಸಬೇಕು, 2024ರಿಂದ ಅದು ಜಾರಿಯಲ್ಲಿದೆ. ತಮಿಳುನಾಡಿನ ಪರ್ಮಿಟ್ ಖರ್ಚು ಬೇರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ನೀಲಗಿರಿಗೆ ಬಿಸಾಕುವ ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವಂತಿಲ್ಲ. ಇಷ್ಟೆಲ್ಲ ಒಪ್ಪಿಗೆಯಾದರೆ ಅಲ್ಲಿ ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕದ ತೋಟಗಾರಿಕೆ ಇಲಾಖೆಯದೇ ಒಂದು ತೋಟವಿದೆ, ಸುಮಾರು 38 ಎಕರೆ. ಅದನ್ನು ಬಿಡಬೇಡಿ.

ಕಾಫಿ ಹೂವು ನೋಡಬೇಕು ಅಂತಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಬಸ್ ಗೊತ್ತು ಮಾಡಲಾಗದು. ಹೂ ಮಳೆ, ಅಂದರೆ ಕಾಫಿ ಗಿಡವನ್ನು ಹೂವಿಗೆ ತರುವ ಬೇಸಿಗೆಯ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ನೆಂಟರಿದ್ದು, ಫೋನ್ ಬಂದ ತಕ್ಷಣ ಹೊರಡುವವರಿಗೆ ಮಾತ್ರ ಅದು.

ಕೊನೆಗೆ ನರ್ಸರಿ. ಇದನ್ನು ಯಾವ ಕಾರಣಕ್ಕೂ ಬೆಳಗ್ಗೆ ಇಡಬೇಡಿ. ನರ್ಸರಿಗೆ ಇಳಿದ ತೋಟದವರನ್ನು ಮತ್ತೆ ಬಸ್ಸಿಗೆ ಹತ್ತಿಸಲು ಪೊಲೀಸರೇ ಬೇಕು. ಸಂಜೆ ನಾಲ್ಕರ ಮೇಲೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿಗೆ ಹೋಗಿ, ಒಂದು ಗಂಟೆ ಅಂತ ಹೇಳಿ ಒಂದೂವರೆ ಗಂಟೆ ಕೊಡಿ. ತರಕಾರಿ ಅಂಗಡಿಯಿಂದ ಹತ್ತು ಪ್ಲಾಸ್ಟಿಕ್ ಕ್ರೇಟ್ ಬಾಡಿಗೆಗೆ ತಂದು ಬಸ್ಸಿನ ಹಿಂದೆ ಇಟ್ಟಿರಿ. ಇಲ್ಲದಿದ್ದರೆ ನಡುದಾರಿಯೆಲ್ಲ ಕುಂಡವಾಗಿ, ಮೊದಲ ಬ್ರೇಕಿಗೇ ಗುಲಾಬಿ ಒಬ್ಬರ ತೊಡೆ ಮೇಲೆ, ಮಣ್ಣು ಇನ್ನೊಬ್ಬರ ಚಪ್ಪಲಿಯಲ್ಲಿ. ಕುಂಡಕ್ಕೆ ಹೆಸರಿನ ಚೀಟಿ ಅಂಟಿಸಿ. 32 ಜನ ಒಂದೇ ಬಣ್ಣದ ದಾಸವಾಳ ಕೊಂಡಿರುತ್ತೀರಿ.

ಮನೆಗೆ ಬಂದ ಗಿಡವನ್ನು ನೇರ ತಾರಸಿಗೆ ಹತ್ತಿಸಬೇಡಿ. ಈ ಒಣ ಹವೆಯಲ್ಲಿ ಹಿಟ್ಟು ತಿಗಣೆ ಬೇಗ ಹರಡುತ್ತದೆ. ಎರಡು ವಾರ ಬೇರೆ ಮೂಲೆಯಲ್ಲಿಟ್ಟು, ಎಲೆಯ ಅಡಿ ಮತ್ತು ಗೆಣ್ಣುಗಳಲ್ಲಿ ಬಿಳಿ ಹತ್ತಿಯಂಥದು ಇದೆಯಾ ನೋಡಿ. ಇದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಹಾಕಿ ಕಲಕಿ, ಸಂಜೆ ಹೊತ್ತು ವಾರಕ್ಕೊಮ್ಮೆ ಹೊಡೆಯಿರಿ. ಆ ಮನೆಯವರು ಪ್ರೀತಿಯಿಂದ ಕೊಟ್ಟ ಕಡ್ಡಿಗೂ ಇದೇ ಪಥ್ಯ. ಅವರ ತೋಟದಲ್ಲೂ ತಿಗಣೆ ಇರುತ್ತದೆ. ಬಸವನಗುಡಿಯ ಆಕೆಯನ್ನು ಕೇಳಿದರೆ ಯಾವ ಕುಂಡದಲ್ಲಿ ಅಂತ ಅವರೇ ತೋರಿಸುತ್ತಾರೆ.